ಹೆಸರು ಕೇಳಿದವಳು

ಮೇಲವಂಕಿ ಊರಿನವರು ಸತ್ಕಾರಕ್ಕೆ ಕರೆದಿದ್ದಾರೆಂದು ಗೋಕಾಕದ ಅಗ್ನಿಶಾಮಕ ಠಾಣೆಯಲ್ಲಿ ಎಲ್ಲರಿಗೂ ಖುಷಿಯಾಗಿತ್ತು, ಸಿದ್ರಾಯನೊಬ್ಬನನ್ನು ಬಿಟ್ಟು. ಬೆಂಕಿ ಆರಿಸಿ ಹೋದವರನ್ನು ಯಾರು ನೆನಪಿಡುತ್ತಾರೆ? ಗಾಡಿ ತಡವಾಗಿ ಬಂತೆಂದು ಬೈಯುವವರೇ ಹೆಚ್ಚು. ಅಂಥದರಲ್ಲಿ ಒಂದು ಊರಿನ ಹಿರಿಯರು ತಾವಾಗಿಯೇ ಠಾಣೆಗೆ ಬಂದು, ಅಗ್ನಿಶಾಮಕ ಸೇವಾ ದಿನದಂದು ನಿಮ್ಮನ್ನೆಲ್ಲ ಕೂರಿಸಿ ಶಾಲು ಹೊದಿಸಬೇಕೆಂದಿದ್ದೇವೆ ಎಂದು ಹೇಳಿ ಹೋಗಿದ್ದರು. ಠಾಣಾಧಿಕಾರಿ ಗುರುಲಿಂಗಪ್ಪ ಎಲ್ಲರಿಗೂ ಬೂಟಿಗೆ ಪಾಲಿಶ್ ಹಾಕಿಕೊಳ್ಳಲು ಹೇಳಿದರು. ಸಿದ್ರಾಯ ಅವತ್ತಿಗೆ ರಜೆ ಕೇಳಿದ. ಅವರು ಕೊಡಲಿಲ್ಲ.

"ಕೂಸಿನ್ನ ಹೊರಗ ತಗದಾಂವ ನೀ. ನೀನ ಇಲ್ಲಂದ್ರ ನಾವ ಹೋಗಿ ಏನ ಮಾಡೂದು?" ಎಂದರು.

ಸಿದ್ರಾಯ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯವನು. ಅಪ್ಪ, ಅಜ್ಜ ಎಲ್ಲರೂ ಕುರಿ ಕಾಯ್ದವರು. ಬಯಲಿನಲ್ಲಿ ದೂರದಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ತಕ್ಷಣ ಓ ಎನ್ನುವುದು ಆ ಮನೆತನದ ರೂಢಿ. ಆದರೆ ಎರಡು ವರ್ಷದಿಂದ ಅವನು ಒಂದೇ ಕೂಗಿಗೆ ಓಗೊಡುವುದನ್ನು ಬಿಟ್ಟಿದ್ದ. ಕರೆದವರ ಮುಖ ಕಣ್ಣಿಗೆ ಬೀಳುವ ತನಕ ಸುಮ್ಮನಿರುತ್ತಿದ್ದ. ಕಿವಿ ಮಂದವಾಗಿದೆಯೆಂದು ಜೊತೆಯವರು ತಿಳಿದಿದ್ದರು.

ಎರಡು ವರ್ಷದ ಹಿಂದೆ, ಹೋಳಿ ಹುಣ್ಣಿಮೆ ಕಳೆದ ಮೇಲೆ, ಮೇಲವಂಕಿಯ ಒಂದು ಬೆಲ್ಲದ ಗಾಣದಲ್ಲಿ ಒಲೆಯ ಕಿಡಿ ಗಾಳಿಗೆ ಹಾರಿ ಕಬ್ಬಿನ ಸಿಪ್ಪೆಯ ರಾಶಿಗೆ ಬಿದ್ದಿತ್ತು. ರಾಶಿಗೆ ಹೊಂದಿಕೊಂಡೇ ಶಿವವ್ವನ ಮನೆ. ಅವಳು ಮೂಡಲಗಿ ಸಂತೆಗೆ ಹೋಗಿದ್ದಳು. ಒಳಗೆ ಇದ್ದವರು ಬಾಣಂತನಕ್ಕೆಂದು ತವರಿಗೆ ಬಂದಿದ್ದ ಮಗಳು ರಾಧಿಕಾ ಮತ್ತು ಅವಳ ಕೂಸು. ಗಾಡಿ ಮುಟ್ಟುವಷ್ಟರಲ್ಲಿ ಉರಿ ಮುಂಬಾಗಿಲನ್ನು ನುಂಗಿತ್ತು. ಉಳಿದವರು ಬಾಗಿಲ ಕಡೆ ನೀರು ಹೊಡೆಯುತ್ತಿದ್ದರೆ ಸಿದ್ರಾಯ ಹಿತ್ತಲಿಗೆ ಓಡಿದ. ಅಲ್ಲೊಂದು ಕಿಟಕಿ, ಅದಕ್ಕೆ ದಪ್ಪ ಕಬ್ಬಿಣದ ಸರಳುಗಳು. ಸರಳುಗಳ ಹಿಂದೆ ರಾಧಿಕಾ ನಿಂತಿದ್ದಳು.

ಹಾರೆ ಹಾಕಿ, ಮೈಭಾರವೆಲ್ಲ ಬಿಟ್ಟು ಎರಡು ಸರಳುಗಳನ್ನು ಬಾಗಿಸಿದ. ಕೂಸು ಹಿಡಿಸುವಷ್ಟು ಸಂದಿಯಾಯಿತು. ಅವಳು ಕೂಸನ್ನು ಸೆರಗಿನಲ್ಲಿ ಸುತ್ತಿ ದಾಟಿಸಿದಳು. ಅವನು ಅದನ್ನು ಹಿಂದೆ ನಿಂತವರ ಕೈಗೆ ಕೊಟ್ಟು ಮತ್ತೆ ಹಾರೆ ಹಿಡಿದ. ಉಳಿದ ಸರಳುಗಳು ಕದಲಲಿಲ್ಲ. ಕಬ್ಬಿಣ ಕತ್ತರಿಸುವ ಯಂತ್ರ ಹಿಂದಿನ ಗಾಡಿಯಲ್ಲಿತ್ತು, ಆ ಗಾಡಿ ಇನ್ನೂ ದಾರಿಯಲ್ಲಿತ್ತು. ಹೊಗೆ ದಟ್ಟವಾಯಿತು. ಅವಳು ಸಂದಿಯಿಂದ ಕೈ ಹೊರಗೆ ಚಾಚಿದಳು. ಅವನು ಕೈಗವಸು ಕಿತ್ತೆಸೆದು ಬರಿಗೈಯಲ್ಲಿ ಅದನ್ನು ಹಿಡಿದುಕೊಂಡ.

"ಅಣ್ಣಾರ, ನಿಮ್ಮ ಹೆಸರೇನ್ರಿ?" ಎಂದು ಅವಳು ಕೇಳಿದಳು.

ಅವನು ಹೇಳಿದ. ಅಷ್ಟು ವರ್ಷದ ನೌಕರಿಯಲ್ಲಿ ಉರಿಯ ನಡುವೆ ನಿಂತು ಯಾರೂ ಅವನ ಹೆಸರು ಕೇಳಿರಲಿಲ್ಲ.

"ಸಿದ್ರಾಯಣ್ಣಾ, ಹೋಗಬ್ಯಾಡ" ಎಂದಳು ಅವಳು, ಒಡಹುಟ್ಟಿದವನಿಗೆ ಹೇಳುವ ಹಾಗೆ.

ಮಾಳಿಗೆಯ ತೊಲೆ ಲಟಲಟ ಎಂದಿತು. ಯಾರೋ ಹಿಂದಿನಿಂದ ಅವನ ಸೊಂಟದ ಪಟ್ಟಿ ಹಿಡಿದು ಜಗ್ಗಿದರು. ಅವನು ಬೆನ್ನ ಮೇಲೆ ಬಿದ್ದಾಗ ಮಾಳಿಗೆ ಒಳಕ್ಕೆ ಕುಸಿಯಿತು.

ಅಂದಿನಿಂದ ಆ ದನಿ ಅವನ ಬೆನ್ನು ಬಿಟ್ಟಿರಲಿಲ್ಲ. ಹೆಂಡತಿ ಅರ್ಚನಾ ದೇವರ ಮುಂದೆ ಊದುಬತ್ತಿ ಹಚ್ಚಿದರೆ ಸಾಕು, ಸಣ್ಣ ಹೊಗೆಯೆಳೆಯ ಆಚೆಯಿಂದ ಅದು ಕೇಳಿಸುತ್ತಿತ್ತು. ಅವನು ಬೆಚ್ಚುವುದನ್ನು ಕಂಡು ಅವಳು ಊದುಬತ್ತಿಯನ್ನೇ ನಿಲ್ಲಿಸಿದಳು, ಒಗ್ಗರಣೆಯನ್ನು ಬಾಗಿಲು ಮುಚ್ಚಿ ಹಾಕತೊಡಗಿದಳು. ಬೆಲ್ಲದ ಬಾಗೇವಾಡಿಯಲ್ಲಿ ಮೇವಿನ ಬಣವೆಗೆ ಬೆಂಕಿ ಬಿದ್ದಾಗ, ಸುಡುಬಿಸಿಲಿನಲ್ಲಿ, ಪೈಪು ಹಿಡಿದು ನಿಂತವನು ದನಿ ಕೇಳಿ ಹಿಂದಕ್ಕೆ ತಿರುಗಿಬಿಟ್ಟಿದ್ದ. ನೀರೆಲ್ಲ ಬರೀ ನೆಲಕ್ಕೆ ಹೋಯಿತು. ಅವನು ಯಾರಿಗೂ ಏನೂ ಹೇಳಲಿಲ್ಲ. ಹೇಳುವುದಾದರೂ ಏನನ್ನು? ಕೂಸನ್ನು ಉಳಿಸಿದನೆಂದು ಕಂಡವರೆಲ್ಲ ಹೊಗಳುತ್ತಿದ್ದರು.

ಸತ್ಕಾರದ ದಿನ ಮೇಲವಂಕಿಯ ಶಾಲೆಯ ಅಂಗಳದಲ್ಲಿ ಮಂಟಪ ಹಾಕಿದ್ದರು. ಅಗ್ನಿಶಾಮಕದವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಒಬ್ಬೊಬ್ಬರನ್ನೇ ವೇದಿಕೆಗೆ ಕರೆದು ಫೇಟಾ ಸುತ್ತಿ, ಹಾರ ಹಾಕಿ, ಶಾಲು ಹೊದಿಸುತ್ತಿದ್ದರು. ಹೆಸರು ಕೂಗುತ್ತಿದ್ದವಳು ಶಾಲೆಯ ಶಿಕ್ಷಕಿ ಸುಜಾತಾ. ಚಾಲಕ ಮಾಯಪ್ಪ ಹೋಗಿ ಬಂದ. ಗುರುಲಿಂಗಪ್ಪ ಹೋಗಿ ಬಂದರು. ಕೊನೆಗೆ ಧ್ವನಿವರ್ಧಕದಲ್ಲಿ ಹೆಣ್ಣುದನಿ "ಸಿದ್ರಾಯ" ಎಂದಿತು.

ಅವನು ಏಳಲಿಲ್ಲ. ದನಿ ಮತ್ತೆ ಕರೆಯಿತು. ಜನ ಚಪ್ಪಾಳೆ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದರು. ವೇದಿಕೆಯ ಮೇಲೆ ಶಾಲು ಹಿಡಿದು ನಿಂತಿದ್ದ ಮುದುಕಿ ತಾನೇ ಮೆಟ್ಟಿಲಿಳಿದು ಬಂದಳು. ಅವಳೇ ಶಿವವ್ವ. ಶಾಲು ಹೊದಿಸಲಿಲ್ಲ. ಅವನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತು, ಶಾಲನ್ನು ತೊಡೆಯ ಮೇಲಿಟ್ಟುಕೊಂಡು, ಅಕ್ಕಪಕ್ಕದವರಿಗಷ್ಟೇ ಕೇಳಿಸುವಷ್ಟು ಸಣ್ಣಗೆ ಮಾತಾಡಿದಳು.

"ಸಂಜೀಕ ನಮ್ಮ ಹಳೇ ಮನಿ ಹಿತ್ತಲದಾಗ ಯಾರೋ ಹೆಸರ ಹಿಡದ ಕರದಂಗ ಆಕ್ಕೈತಿ ಅಂತಾರ ಜನ. ದನಾ ಕಾಯಾವ್ರು ಆ ಕಡೆ ಹಾಯೂದನ್ನ ಬಿಟ್ಟಾರ. ಯಾರ ಹೆಸರಂತ ಯಾರಿಗೂ ತಿಳಿದಿದ್ದಿಲ್ಲ. ಈಗ ಆ ಸಾಲಿ ಬಾಯಾರು ನಿನ್ನ ಹೆಸರ ಕರದ್ರೂ ನೀ ಏಳಲಿಲ್ಲ, ನನ್ನ ಎದಿ ಝಲ್ಲಂತಪಾ. ನಮ್ಮ ರಾಧಿಕಾ ಕಡೀಕ ಏನರ ಅಂದಿದ್ಳೇನ?"

"ಹೂನ್ರಿ ಯವ್ವಾ. ಹೆಸರ ಕೇಳಿದ್ಳು, ಹೇಳಿದ್ನಿ. ಹೋಗಬ್ಯಾಡ ಅಂದ್ಳು." ಅವನು ತನ್ನ ಅಂಗೈ ನೋಡಿಕೊಂಡ. "ನಾ ಹೋದ್ನಿ."

"ಕೈ ಯಾರ ಬಿಟ್ರು? ನೀ ಬಿಟ್ಟ್ಯೋ, ಆಕಿ ಬಿಟ್ಳೋ?"

ಇದನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಅವನೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

"ಇಬ್ಬರೂ ಬಿಡಲಿಲ್ಲರಿ. ನನ್ನ ಎಳದ್ರು."

ಸಿದ್ರಾಯನ ಆ ಪಕ್ಕಕ್ಕೆ ಕೂತಿದ್ದ ಗುರುಲಿಂಗಪ್ಪ ತಲೆಯ ಮೇಲಿನ ಫೇಟಾ ತೆಗೆದು ಕೈಯಲ್ಲಿ ಹಿಡಿದರು. "ಎಳದಾಂವ ನಾನ್ರಿ, ಯವ್ವಾ" ಎಂದರು.

ಶಿವವ್ವ ಅಳಲಿಲ್ಲ. ಸಿದ್ರಾಯನ ಬಲಗೈ ಎತ್ತಿಕೊಂಡು, ಸುಟ್ಟು ಮಡಿಕೆಯಾಗಿದ್ದ ಅಂಗೈಯನ್ನು ತನ್ನ ಹೆಬ್ಬೆರಳಿನಿಂದ ಸವರಿದಳು. ಶಾಲು ಹೊದಿಸುವುದು ಊರಿನವರ ಆಸೆ, ತನ್ನ ಆಸೆ ಬೇರೆ ಇದೆ ಎಂದಳು. ಹಳೇ ಮನೆಯ ಹಿತ್ತಲ ಕಡೆಯ ಗೋಡೆ ಇನ್ನೂ ನಿಂತಿದೆ, ಅದರಲ್ಲಿ ಆ ಕಿಟಕಿಯೂ ಹಾಗೇ ಇದೆ. ಅದನ್ನು ಮುಟ್ಟಲು ಊರಿನಲ್ಲಿ ಒಬ್ಬರಿಗೂ ಧೈರ್ಯವಿಲ್ಲ. ಅಂದಿನ ಆ ಕೂಸು, ಮೊಮ್ಮಗಳು ಮೇಘಾ, ಈಗ ಓಡಾಡುತ್ತಾಳೆ, ಹೊಸ ಮನೆಯಿಂದ ಮತ್ತೆ ಮತ್ತೆ ಅಲ್ಲಿಗೇ ಹೋಗಿ ನಿಲ್ಲುತ್ತಾಳೆ.

"ನನಗ ಅದನ್ನ ನೋಡಾಕ ಆಗವಲ್ದು. ಅದನ್ನ ತಗದ ಹೋಗ್ರಿ" ಎಂದಳು.

ಫೋಟೋ ತೆಗೆಯುವವರು ಕಾಯುತ್ತಲೇ ಉಳಿದರು. ಕೊರಳಲ್ಲಿ ಹಾರ ಇದ್ದಂತೆಯೇ ಅಗ್ನಿಶಾಮಕದವರು ಗಾಡಿ ಹತ್ತಿದರು. ಊರಿನವರು ಒಂದಿಷ್ಟು ಜನ ಹಿಂದೆ ಬಂದು ದೂರದಲ್ಲೇ ನಿಂತರು. ಮಾಯಪ್ಪ ಗಾಡಿಯಲ್ಲಿದ್ದ ಕತ್ತರಿಸುವ ಯಂತ್ರ ಇಳಿಸಿಕೊಟ್ಟ. ಸಿದ್ರಾಯ ಒಬ್ಬನೇ ಸರಳುಗಳನ್ನು ಕತ್ತರಿಸಿದ. ಅಂದು ಮೈಭಾರ ಬಿಟ್ಟರೂ ಕದಲದ ಕಬ್ಬಿಣ ಒಂದೊಂದಾಗಿ ಕಳಚಿ ಬಿತ್ತು. ಅದು ಎಷ್ಟು ಬೇಗ ಮುಗಿಯಿತೆಂದರೆ ಅವನಿಗೆ ಸಿಟ್ಟು ಬಂತು.

ಆಮೇಲೆ ಅವನು ಕಿಟಕಿಯಿಂದ ಒಳಕ್ಕೆ ಇಳಿದ. ಮಾಳಿಗೆಯಿಲ್ಲದ ಕೋಣೆ, ನೆಲದ ತುಂಬ ಒಣಗಿದ ಹುಲ್ಲು, ಮಸಿ ಹಿಡಿದ ಗೋಡೆ. ಅವಳು ನಿಂತಿದ್ದ ಜಾಗದಲ್ಲಿ ನಿಂತು ಹೊರಗೆ ನೋಡಿದ. ಎದುರಿಗೆ ಬೇವಿನ ಗಿಡ, ಅದರಾಚೆ ಕಬ್ಬಿನ ಹೊಲ. ಕಿಟಕಿಯ ಹತ್ತಿರ ಗುರುಲಿಂಗಪ್ಪ ನಿಂತಿದ್ದರು, ಎಷ್ಟು ಹತ್ತಿರವೆಂದರೆ ಅವರ ಹಾರದ ಸೇವಂತಿಗೆಯ ವಾಸನೆ ಬರುತ್ತಿತ್ತು. ಅವಳಿಗೆ ಕಡೆಗೆ ಕಂಡದ್ದು ತನ್ನ ಬೆನ್ನಲ್ಲ, ತನ್ನ ಮುಖ ಎಂದು ಸಿದ್ರಾಯನಿಗೆ ಹೊಳೆಯಿತು. ಹಿಂದಕ್ಕೆ ಎಳೆದಾಗಲೂ ಅವನು ಅವಳ ಕಡೆಗೇ ನೋಡುತ್ತಿದ್ದ. ಅವನು ಗೋಡೆಗೆ ಒರಗಿ ಕೂತುಬಿಟ್ಟ. ಹೊರಗಿನವರು ಯಾರೂ ಅವನನ್ನು ಕರೆಯಲಿಲ್ಲ. ತಾನಾಗಿ ಎದ್ದು ಬರುವ ತನಕ ಕಾದರು.

ಸಂಜೆಯೊಳಗೆ ಗೋಡೆಯನ್ನೂ ಕೆಡವಿದರು. ಶಿವವ್ವ ಎಲ್ಲರಿಗೂ ಹೋಳಿಗೆ ಬಡಿಸಿದಳು. ಶಾಲು ಎಲ್ಲಿ ಹೋಯಿತೆಂದು ಆಮೇಲೆ ಯಾರೂ ಕೇಳಲಿಲ್ಲ. ಮೇಘಾ ಅದನ್ನು ಹೊದ್ದು ನಿದ್ದೆ ಹೋಗಿದ್ದಳು.

ದನಿ ನಿಂತೇಹೋಯಿತೆಂದು ಸಿದ್ರಾಯ ಅಂದುಕೊಂಡ. ಹಾಗಾಗಲಿಲ್ಲ. ಕೆಲವು ದಿನ ಕಳೆದು, ಘೋಡಗೇರಿಯ ಮನೆಯಲ್ಲಿ ಅರ್ಚನಾ ಒಗ್ಗರಣೆ ಹಾಕುವಾಗ ಅದು ಮತ್ತೆ ಬಂತು. ಹೆಸರನ್ನಷ್ಟೇ ಕರೆಯಿತು. ಹೋಗಬ್ಯಾಡ ಎನ್ನಲಿಲ್ಲ. ಅವನು ಓ ಎಂದ. ಅರ್ಚನಾ ಒಲೆಯ ಮುಂದಿನಿಂದ ತಿರುಗಿ ನೋಡಿದಳು. ತಾನು ಕರೆದಿರಲಿಲ್ಲವೆಂದು ಅವಳು ಹೇಳಲಿಲ್ಲ.