ನಡುವಿನ ಸೀಟು

ಮೊದಲನೇ ಪಿಕಪ್‌ನ ಚಾಸಿ ತುಕ್ಕು ಹಿಡಿದಿತ್ತು. ಮಿನೆಸೋಟದಿಂದ ಬಂದ ಗಾಡಿ; ಅಲ್ಲಿ ಚಳಿಗಾಲಕ್ಕೆ ಹಿಮ ಕರಗಲೆಂದು ರಸ್ತೆಗಳ ಮೇಲೆ ಉಪ್ಪು ಸುರಿಯುತ್ತಾರೆ. ಡಾರ್ಲಾ ಕೆಟರ್ಲಿಂಗ್ ಅದರ ಕೆಳಗೆ ನುಸುಳಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿದಳು. ಕಬ್ಬಿಣ ಒಣರೊಟ್ಟಿಯ ಹಾಗೆ ಮುರಿದು ಮುಖದ ಮೇಲೆ ಉದುರಿತು. ಎರಡನೆಯದು, ಎಂಜಿನ್ ಬಿಸಿಯಾದ ಮೇಲೆ ಒಮ್ಮೆ ಆರಿಸಿದರೆ ಮತ್ತೆ ಚಾಲೂ ಆಗುತ್ತಿರಲಿಲ್ಲ. ಮೂರನೆಯದರಲ್ಲಿ ಹುಳುಕು ಹುಡುಕಿದರೂ ಸಿಗಲಿಲ್ಲ. ಒಬ್ಬನೇ ಯಜಮಾನ ಓಡಿಸಿದ್ದ ಗಾಡಿ, ಟೈರು ಹೊಸವು, ಎಂಜಿನ್‌ನ ಸದ್ದು ಹೊಲಿಗೆ ಯಂತ್ರದ ಹಾಗೆ ನಯ. ಡಾರ್ಲಾ ಬಾಗಿಲು ತೆಗೆದು ಒಳಗೆ ನೋಡಿ, ಬೇಡ ಎಂದಳು.

"ಯಾಕೆ, ಏನಾಗಿದೆ ಇದಕ್ಕೆ?" ಮಾರುವವನಿಗೆ ಅವಮಾನವಾದಂತಾಯಿತು.

"ಮುಂದಿನ ಸೀಟು ಎರಡೂ ಬೇರೆ ಬೇರೆ ಇವೆ. ನನಗೆ ಉದ್ದ ಸೀಟು ಬೇಕು, ಮೂವರು ಕೂರೋವಂಥದ್ದು."

"ಹದಿಮೂರು ವರ್ಷದ ಹುಡುಗಿಗೆ ಗಾಡಿ ನೋಡ್ತಿದ್ದೀಯೋ, ಚರ್ಚಿಗೆ ಬೆಂಚು ನೋಡ್ತಿದ್ದೀಯೋ?"

ಡಾರ್ಲಾ ನಕ್ಕಳು. ಮಗಳು ಟೆಸ್ ನಗಲಿಲ್ಲ. ಅವಳು ತನ್ನ ಬೂಟಿನ ತುದಿ ನೋಡುತ್ತ ನಿಂತಿದ್ದಳು.

ಸೌತ್ ಡಕೋಟಾದ ಪಶ್ಚಿಮ ಭಾಗದ ಹುಲ್ಲುಗಾವಲಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆ ಕಾಣುವುದಿಲ್ಲ. ಡಾರ್ಲಾಳ ಮನೆಯಿಂದ ಕ್ಯಾಡ್ವೆಲ್ ಊರಿಗೆ ಮೂವತ್ತು ಮೈಲಿ. ಅವಳು ಅಲ್ಲಿನ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಟೆಸ್ ಓದುವುದೂ ಅದೇ ಶಾಲೆ. ಶಾಲೆಯ ಬಸ್ಸು ಹೆದ್ದಾರಿ ಬಿಟ್ಟು ಇತ್ತ ಬರುವುದಿಲ್ಲ. ಅಲ್ಲಿ ಹದಿನಾಲ್ಕು ತುಂಬಿದ ಮಕ್ಕಳಿಗೆ ಗಾಡಿ ಕಲಿಯುವ ಪರವಾನಗಿ ಸಿಗುತ್ತದೆ. ಪಕ್ಕದಲ್ಲಿ ಲೈಸೆನ್ಸ್ ಇರುವ ದೊಡ್ಡವರು ಕೂತಿರಬೇಕು, ಅಷ್ಟೆ. ಟೆಸ್‌ಗೆ ಅಕ್ಟೋಬರಿನಲ್ಲಿ ಹದಿನಾಲ್ಕು ತುಂಬುತ್ತಿತ್ತು. ಈಗ ಆಗಸ್ಟ್.

ಈ ಎರಡು ತಿಂಗಳು ದಾಟಿದರೆ ಸಾಕು ಎಂಬುದು ಡಾರ್ಲಾಳ ಲೆಕ್ಕ.

ಅವಳ ಕಣ್ಣು ಹೋಗುತ್ತಿತ್ತು. ಮೊದಲು ರಾತ್ರಿ ಹೋಯಿತು, ಆಮೇಲೆ ಅಕ್ಕಪಕ್ಕ. ಎದುರಿಗಿದ್ದದ್ದು ಮಾತ್ರ ಇನ್ನೂ ಸ್ಪಷ್ಟವಾಗಿ, ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತಿತ್ತು. ಕಣ್ಣಿನ ಪರೀಕ್ಷೆಗೆಂದು ಗೋಡೆಗೆ ಹಾಕಿದ ಅಕ್ಷರಗಳನ್ನು ಈಗಲೂ ಕೊನೆಯ ಸಾಲಿನ ತನಕ ಓದಬಲ್ಲಳು. ರ‍್ಯಾಪಿಡ್ ಸಿಟಿಯ ಕಣ್ಣಿನ ವೈದ್ಯೆ ಸುತ್ತಿಬಳಸದೆ ಹೇಳಿದ್ದಳು: ಇದಕ್ಕೆ ಮದ್ದಿಲ್ಲ, ಕೊಳವೆ ಕಿರಿದಾಗುತ್ತಲೇ ಹೋಗುತ್ತದೆ, ಗಾಡಿ ಓಡಿಸುವುದನ್ನು ಇವತ್ತೇ ನಿಲ್ಲಿಸು. ಡಾರ್ಲಾ ಅಲ್ಲಿಂದ ಗಾಡಿ ಓಡಿಸಿಕೊಂಡೇ ಮನೆಗೆ ಬಂದಳು. ಬೇರೆ ದಾರಿ ಇರಲಿಲ್ಲ. ಟೆಸ್‌ಳ ಅಪ್ಪ ಕರ್ಟ್ ನೆರೆ ರಾಜ್ಯದ ವಿಲಿಸ್ಟನ್‌ನ ಎಣ್ಣೆ ಬಾವಿಗಳಿಗೆ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಮಗುವನ್ನು ಶಾಲೆಗೆ ಮುಟ್ಟಿಸಿ ಕರೆತರಲು ತಾಯಿಗೆ ಆಗುತ್ತಿರುವಷ್ಟು ಕಾಲ ಮಾತ್ರ ಮಗು ತಾಯಿಯ ಹತ್ತಿರ ಎಂದು ನ್ಯಾಯಾಲಯ ಬರೆದಿತ್ತು. ಡಾರ್ಲಾ ವಸಂತದಲ್ಲಿ ಪಕ್ಕದ ಹೊಲದವರ ಅಂಚೆ ಡಬ್ಬಿ ಗುದ್ದಿ ಕೆಡವಿದ್ದು ಹೇಗೋ ಕರ್ಟ್‌ನ ಕಿವಿಗೆ ಬಿದ್ದಿತ್ತು. ಅಂದಿನಿಂದ ಅವನು ವಾರಕ್ಕೊಮ್ಮೆ ಫೋನ್ ಮಾಡಿ, "ಎಲ್ಲಾ ಸರಿಯಾಗಿದೆ ತಾನೇ?" ಎಂದು ಕೇಳುತ್ತಿದ್ದ.

ಡಾರ್ಲಾಳ ಅಪ್ಪನ ಕಾಲದ ಹಳೆಯ ಟ್ರಕ್ಕು ಈ ಬೇಸಿಗೆಯಲ್ಲಿ ಕೊನೆಯುಸಿರು ಎಳೆಯತೊಡಗಿತ್ತು. ಈಗ ಕೊಳ್ಳುವ ಗಾಡಿ ಹಾದಿಯಲ್ಲಿ ಕೈಕೊಡಬಾರದು, ಹುಡುಗಿಯ ಕೈಗೆ ಹಗುರಾಗಿರಬೇಕು, ಜಲ್ಲಿ ರಸ್ತೆಯಲ್ಲಿ ಜಾರಿ ಪಲ್ಟಿಯಾಗಬಾರದು, ಏರ್‌ಬ್ಯಾಗ್ ಇರಬೇಕು. ಮತ್ತೆ, ಉದ್ದ ಸೀಟು.

ಸೀಟಿನ ವಿಷಯ ತಾಯಿ ಮಗಳು ಎಂದೂ ಮಾತಾಡಿದವರಲ್ಲ. ಆ ಸೀಮೆಯಲ್ಲಿ ಎದುರಿಗೆ ಗಾಡಿ ಬಂದರೆ ಸ್ಟೀರಿಂಗ್ ಮೇಲಿನ ಕೈಯಿಂದ ತೋರುಬೆರಳನ್ನು ಎತ್ತಬೇಕು. ಅದೇ ನಮಸ್ಕಾರ. ಎತ್ತದವರು ಹೊರಗಿನವರು, ಇಲ್ಲವೇ ಜಂಬದವರು. ವಸಂತದಲ್ಲಿ, ಈಸ್ಟರ್ ಹಬ್ಬದ ಹೊತ್ತಿಗೆ ಡಾರ್ಲಾ ಮೂವರಿಗೆ ಬೆರಳೆತ್ತದೆ ಹೋಗಿದ್ದಳು, ಅಂಗಡಿಯಲ್ಲಿ ಒಬ್ಬಳು ಕೇಳಿಯೂ ಬಿಟ್ಟಿದ್ದಳು, "ಏನೇ, ದೊಡ್ಡ ಮನುಷ್ಯಳಾಗಿಬಿಟ್ಟೆ?" ಅದಾದ ಮಾರನೇ ದಿನ ಟೆಸ್ ಕಿಟಕಿಯ ಪಕ್ಕ ಕೂರದೆ ಸರಿದು ನಡುವೆ ಕೂತಳು. ಗುಡ್ಡದ ತುದಿಯಲ್ಲಿ ಒಂದು ಗಾಡಿ ಕಂಡಾಗ ಅವಳ ಮಂಡಿ ತಾಯಿಯ ಮಂಡಿಯನ್ನು ಮೆತ್ತಗೆ ತಟ್ಟಿತು. ಡಾರ್ಲಾ ಬೆರಳೆತ್ತಿದಳು. ಅಷ್ಟೆ. ಅವತ್ತಿನಿಂದ ಹಾಗೆಯೇ ನಡೆದಿತ್ತು.

ಗೇಲನ್ ಬ್ರೆಕ್ಕೆ ತನ್ನ ಪಿಕಪ್ ಮಾರುತ್ತಾನೆಂದು ಗೊತ್ತಾದಾಗ ಡಾರ್ಲಾ ಮೊದಲು ಕೇಳಿದ್ದು ಸೀಟಿನ ಬಗ್ಗೆ. ಉದ್ದ ಸೀಟೇ, ಎಂದ. ಅರವತ್ತು ದಾಟಿದ ಗೇಲನ್ ಆರು ಮೈಲಿ ಆಚೆ ದನ ಸಾಕಿಕೊಂಡಿದ್ದ. ಊರಿನ ಸ್ವಯಂಸೇವಕರ ಆಂಬುಲೆನ್ಸ್‌ನಲ್ಲಿ ಇಪ್ಪತ್ತು ವರ್ಷದಿಂದ ಅವನೂ ಒಬ್ಬ. ಒಣಹುಲ್ಲು ಸುರುಳಿ ಸುತ್ತುವ ಕೆಲಸವಿದೆ, ಸಂಜೆ ಊಟವಾದ ಮೇಲೆ ಬಾ ಎಂದ. ಸಂಜೆ ಎಂದರೆ ಡಾರ್ಲಾಗೆ ಆಗದು. ಆದರೆ ಆಗದು ಎನ್ನಲು ಕಾರಣ ಕೊಡಬೇಕಾಗುತ್ತಿತ್ತು. ಬೆಳಕು ಮುಗಿಯುವ ಮೊದಲು ಮನೆ ಸೇರಬಹುದು ಎಂದುಕೊಂಡು ಹೊರಟಳು.

ಗೇಲನ್ ಅಂಗಳದಲ್ಲೇ ಪಿಕಪ್ ನಿಲ್ಲಿಸಿಕೊಂಡು ಕಾಯುತ್ತಿದ್ದ.

"ಕೇಳು ಡಾರ್ಲಾ, ನೆರೆಯವಳಿಗೆ ಮಾರೋವಾಗ ಮೊದಲು ರೋಗ ಹೇಳಿಬಿಡಬೇಕು. ಆಲಿಕಲ್ಲು ಬಿದ್ದು ಬಾನೆಟ್ಟು ಸಿಡುಬು ಬಂದ ಮುಖದ ಹಾಗಾಗಿದೆ. ಎಸಿ ಸತ್ತು ನಾಲ್ಕು ವರ್ಷ. ಇಲಿ ಒಂದು ಸಲ ವೈರು ಕಡಿದಿತ್ತು, ಬದಲಾಯಿಸಿದೀನಿ. ಎರಡನೇ ಗೇರಿಗೆ ಸ್ವಲ್ಪ ಹಟ, ರಮಿಸಬೇಕು. ಇನ್ನೇನಾದರೂ ಬಿಟ್ಟಿದ್ದರೆ ಲೊರೇನ್‌ನ ಕೇಳು. ನನ್ನ ತಪ್ಪೆಲ್ಲ ಅವಳಿಗೆ ಬಾಯಿಪಾಠ."

ಲೊರೇನ್ ಅವನ ಹೆಂಡತಿ. ನಾಲ್ಕು ಚಕ್ರದ ಬೈಕಿನಲ್ಲಿ ಕರುಗಳಿಗೆ ಮೇವು ಹಾಕಲು ಹೋಗಿದ್ದಾಳೆ ಎಂದ.

ಡಾರ್ಲಾ ಕೆಳಗೆ ನುಸುಳಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿದಳು. ಚಾಸಿ ಟಣ್ ಎಂದಿತು. ಎಂಜಿನ್ ಎಣ್ಣೆ ಬೆರಳಿಗೆ ಸವರಿ ಮೂಸಿದಳು. ಎಂಜಿನ್ ಕಾಯಿಸಿ ಆರಿಸಿದಳು, ಮತ್ತೆ ಹಚ್ಚಿದಳು. ಒಂದೇ ಏಟಿಗೆ ಚಾಲೂ ಆಯಿತು.

"ಏನಮ್ಮಾ ಟೆಸ್, ನಿನಗೆ ಹಿಡಿಸಿತಾ?" ಗೇಲನ್ ಕೇಳಿದ. "ನಿನ್ನ ವಯಸ್ಸಿನೋರು ಕೆಂಪು ಬಣ್ಣ ಕೇಳ್ತಾರೆ. ಇದು ಕೆಸರು ಬಣ್ಣ."

"ಕೆಸರು ಬಣ್ಣ ಒಳ್ಳೇದು. ತೊಳೆಯೋ ಕೆಲಸ ಇಲ್ಲ."

"ಆಹಾ, ಇವಳಿಗೆ ಬುದ್ಧಿ ಇದೆ. ನಿನ್ನದಲ್ಲ ಬಿಡು ಡಾರ್ಲಾ."

ಮೂವರೂ ಹತ್ತಿದರು. ಡಾರ್ಲಾ ಸ್ಟೀರಿಂಗ್ ಹಿಡಿದಳು, ಟೆಸ್ ಗೇರಿನ ಕೋಲಿಗೆ ಅತ್ತಿತ್ತ ಕಾಲು ಹಾಕಿ ನಡುವೆ ಕೂತಳು, ಗೇಲನ್ ಬಲಗಡೆಯ ಕಿಟಕಿಯಲ್ಲಿ. ಪೂರ್ವಕ್ಕೆ ಹೊರಟರು. ಬಿಸಿಲು ಬೆನ್ನ ಹಿಂದಿತ್ತು. ಎದುರಿಗೆ ಒಂದು ಹುಲ್ಲಿನ ಲಾರಿ ಬಂತು. ಡಾರ್ಲಾಳ ಬೆರಳು ಎದ್ದಿತು. ಪಾದ್ರಿಯ ಕಾರು ಬಂತು, ಎದ್ದಿತು. ಗೇಲನ್ ಅರ್ಧ ವಾಕ್ಯಕ್ಕೆ ಮಾತು ನಿಲ್ಲಿಸಿದ. ಅವನ ಕಣ್ಣು ಹುಡುಗಿಯ ಮಂಡಿಯ ಮೇಲಿತ್ತು. ಮೂರನೇ ಗಾಡಿ ಇನ್ನೂ ದೂರವಿದ್ದಾಗ ಮೊದಲು ಮಂಡಿ ಅಲ್ಲಾಡಿತು, ಆಮೇಲೆ ಬೆರಳು ಎದ್ದಿತು. ಅವನು ಮತ್ತೆ ಮಾತು ಮುಂದುವರಿಸಿದ, ಆದರೆ ಏನು ಹೇಳುತ್ತಿದ್ದನೆಂಬುದನ್ನು ಮರೆತವನ ಹಾಗೆ.

ಚರ್ಚಿನ ತಿರುವಿನಲ್ಲಿ ನಿಲ್ಲಿಸಲು ಹೇಳಿದ. "ಟೆಸ್, ನೀನು ಈ ಕಡೆ ಬಾ. ನಾನು ನಡುವೆ ಕೂರ್ತೀನಿ. ಎರಡನೇ ಗೇರು ಹೇಗೆ ರಮಿಸೋದು ಅಂತ ನಿಮ್ಮಮ್ಮಂಗೆ ತೋರಿಸ್ತೀನಿ."

"ನಾನೇ ತೋರಿಸ್ತೀನಿ. ನೋಡಿಕೊಂಡೆ," ಟೆಸ್ ಎಂದಳು.

"ಬಾ ಮರಿ."

ಟೆಸ್ ತಾಯಿಯ ಮುಖ ನೋಡಿದಳು. ಬೇಡ ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. "ಹೋಗು," ಎಂದಳು ಡಾರ್ಲಾ.

ಗಾಡಿ ತಿರುಗಿಸಿ ಪಶ್ಚಿಮಕ್ಕೆ ವಾಪಸು ಹೊರಟರು; ಈಗ ಬಿಸಿಲು ನೇರ ಕಣ್ಣಿಗೆ. ಗಾಜಿನ ಮೇಲಿನ ಧೂಳೆಲ್ಲ ಬೆಂಕಿಯಾದಂತೆ ಹೊಳೆಯಿತು. ಡಾರ್ಲಾ ನಿಧಾನಕ್ಕೆ, ರಸ್ತೆಯ ನಟ್ಟನಡುವೆ ಓಡಿಸಿದಳು. ಗೇಲನ್‌ನ ಎಡಗೈ ಸ್ಟೀರಿಂಗ್‌ನಿಂದ ಒಂದು ಗೇಣು ದೂರದಲ್ಲಿ, ತೊಡೆಯ ಮೇಲೆ ಅಂಗೈ ಮೇಲಾಗಿ ಕಾದಿತ್ತು. ಅರ್ಧ ದಾರಿಯಲ್ಲಿ ಎಡಗಡೆಯ ಬೇಲಿಯ ಗೇಟಿನಿಂದ ನಾಲ್ಕು ಚಕ್ರದ ಬೈಕೊಂದು ರಸ್ತೆಗೆ ಬಂದು, ಗಕ್ಕನೆ ನಿಂತಿತು. ಮೇಲೆ ಕೂತಿದ್ದ ಹೆಂಗಸು ಕೈಯೆತ್ತಿದಳು. ಡಾರ್ಲಾ ವೇಗ ಇಳಿಸಲಿಲ್ಲ, ತಲೆ ತಿರುಗಿಸಲಿಲ್ಲ. ಒಂದು ಮೊಳದ ಅಂತರದಲ್ಲಿ ಹಾದುಹೋದಳು. ಗೇಲನ್‌ನ ಕೈ ಸ್ಟೀರಿಂಗ್ ಹಿಡಿದು, ಮತ್ತೆ ಬಿಟ್ಟಿತ್ತು.

"ಅಮ್ಮಾ!"

"ಏನು?"

ಟೆಸ್‌ಳ ಕೈ ಬಾಗಿಲ ಹಿಡಿಯನ್ನು ಕಚ್ಚಿಕೊಂಡಿತ್ತು.

ಮುಂದೆ ರಸ್ತೆಯ ಅಂಚಿನಲ್ಲಿ ಒಂದು ಟ್ರಕ್ಕು, ಮೂತಿ ಇತ್ತ ಮಾಡಿ ನಿಂತಿತ್ತು. ಬೆಳಕಿನ ನಡುವೆ ಅದರ ಕಪ್ಪು ಆಕಾರ ಡಾರ್ಲಾಗೆ ಕಂಡಿತು. ಅವಳ ಬೆರಳು ಎದ್ದಿತು.

"ಯಾರದು?" ಗೇಲನ್ ಕೇಳಿದ.

"ಹ್ಯಾಂಕ್ ಅಲ್ವಾ?"

"ಹ್ಯಾಂಕ್‌ನ ಟ್ರಕ್ಕು. ಆಕ್ಸಲ್ ಮುರಿದು ಭಾನುವಾರದಿಂದ ಅಲ್ಲೇ ನಿಂತಿದೆ. ಒಳಗೆ ಯಾರೂ ಇಲ್ಲ." ಸ್ವಲ್ಪ ತಡೆದು, "ಆಗ ಗೇಟಿನ ಹತ್ತಿರ ಕೈ ಎತ್ತಿದ್ದು ಲೊರೇನ್," ಎಂದ.

ಡಾರ್ಲಾ ಬ್ರೇಕು ಒತ್ತಿದಳು. ಗಾಡಿ ರಸ್ತೆಯ ನಡುವೆಯೇ ನಿಂತಿತು. ಎಂಜಿನ್ ಆರಿಸಿ, ಎರಡೂ ಕೈಯನ್ನು ಸ್ಟೀರಿಂಗ್ ಮೇಲಿಟ್ಟು ಕೂತಳು. ಹಿಂದಿನಿಂದ ಎದ್ದ ಧೂಳು ಬಂದು ಗಾಡಿಯನ್ನು ದಾಟಿ ಹೋಯಿತು.

"ಎಷ್ಟು ದಿನದಿಂದ?" ಗೇಲನ್ ಕೇಳಿದ್ದು ಅವಳನ್ನಲ್ಲ, ಟೆಸ್‌ಳನ್ನು.

"ಈಸ್ಟರ್‌ನಿಂದ."

"ಎಲ್ಲಾ ಗಾಡಿಗೂ ತಟ್ತೀಯಾ?"

"ಗಾಡಿಗೆ ಒಂದು ಸಲ. ಜಿಂಕೆಗೆ ಎರಡು."

"ನಿದ್ದೆ ಬಂದರೆ?"

"ಬರಲ್ಲ."

ಗೇಲನ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ಎರಡು ತಿಂಗಳು," ಎಂದಳು ಡಾರ್ಲಾ. "ಆಮೇಲೆ ಅವಳೇ ಓಡಿಸ್ತಾಳೆ. ನಾನು ಪಕ್ಕದಲ್ಲಿ ಕೂತಿರ್ತೀನಿ. ನನ್ನ ಲೈಸೆನ್ಸ್ ಇನ್ನೂ ಮೂರು ವರ್ಷ ನಡೆಯುತ್ತೆ. ಬರೀ ಎರಡು ತಿಂಗಳು ಗೇಲನ್."

"ಪಕ್ಕದಲ್ಲಿ ಕೂತು ಏನು ನೋಡ್ತೀಯಾ?"

ಡಾರ್ಲಾ ಹೆಬ್ಬೆರಳಿನಿಂದ ಸ್ಟೀರಿಂಗ್‌ನ ಧೂಳು ಒರೆಸಿದಳು.

"ಈ ರಸ್ತೆಗಳಲ್ಲಿ ನಾನು ಎಷ್ಟು ಮಕ್ಕಳನ್ನ ಗಾಡಿಯೊಳಗಿಂದ ಎಳೆದಿದೀನಿ, ನಿನಗೂ ಗೊತ್ತು. ಕೀಲಿ ನಿನ್ನ ಕೈಗೆ ಕೊಡಲಾರೆ. ನಿನ್ನ ಹಳೇ ಟ್ರಕ್ಕಿನ ಕೀಲೀನೂ ಇವತ್ತು ನನ್ನ ಹತ್ತಿರ ಇರಲಿ. ಆದ ದಿನ ನಾನು ನಿಮ್ಮಿಬ್ಬರನ್ನ ಕರಕೊಂಡು ಹೋಗ್ತೀನಿ, ಲೊರೇನ್ ಹೋಗ್ತಾಳೆ..."

"ಆಂಬುಲೆನ್ಸ್‌ಗೆ ಕರೆ ಬಂದ ದಿನ? ಹಿಮ ಬಿದ್ದ ದಿನ? ಕರ್ಟ್‌ಗೆ ಗೊತ್ತಾಗದೆ ಇರುತ್ತಾ? ಇಲ್ಲಿ ಗುಟ್ಟು ಅಂದರೆ ಒಂದೊಂದು ಸಲಕ್ಕೆ ಒಬ್ಬೊಬ್ಬರಿಗೆ ಹೇಳೋ ವಿಷಯ."



"ನೀವು ಯಾಕೆ ಸೀಟು ಬದಲಾಯಿಸಿದ್ರಿ?" ಟೆಸ್ ಕೂಗಿದಳು. "ನಾನು ನಡುವೆ ಇದ್ದಿದ್ರೆ ಏನೂ ಆಗ್ತಿರಲಿಲ್ಲ! ನಾನು ಒಂದು ಸಲನೂ ತಪ್ಪಿಸಿಲ್ಲ. ಕೇಳಿ ಬೇಕಾದ್ರೆ ಅಮ್ಮನ್ನ. ಒಂದೇ ಒಂದು ಸಲನೂ ತಪ್ಪಿಸಿಲ್ಲ!"

ಡಾರ್ಲಾ ಮಗಳ ಕಡೆ ತಿರುಗಿದಳು. ಕೊಳವೆಯ ತುದಿಯಲ್ಲಿ ಟೆಸ್‌ಳ ಮುಖ ಸರಿಯಾಗಿ ಕೂರಲು ತಲೆಯನ್ನು ಒಂದಿಷ್ಟು ಅತ್ತಿತ್ತ ಮಾಡಬೇಕಾಯಿತು. ಕಣ್ಣು ಕೆಂಪಾಗಿತ್ತು, ಕೆಳಗೆ ಕಪ್ಪು ಕಟ್ಟಿತ್ತು. ಹದಿಮೂರರ ಹುಡುಗಿಯರು ಗಾಡಿಯಲ್ಲಿ ಏನು ಮಾಡುತ್ತಾರೆ? ಕಿಟಕಿಗೆ ಒರಗಿ ನಿದ್ದೆ ಮಾಡುತ್ತಾರೆ. ಹಾಡು ಕೇಳುತ್ತಾರೆ, ಅಮ್ಮನ ಜೊತೆ ಜಗಳವಾಡುತ್ತಾರೆ. ಈಸ್ಟರ್‌ನಿಂದ ಟೆಸ್ ಗಾಡಿಯಲ್ಲಿ ಜಗಳವಾಡಿರಲಿಲ್ಲ. ಮಗಳು ದೊಡ್ಡವಳಾದಳು, ಶಾಂತಳಾದಳು ಎಂದು ಡಾರ್ಲಾ ಸಂತೋಷಪಟ್ಟಿದ್ದಳು.

"ಹೌದು," ಎಂದಳು. "ಒಂದು ಸಲನೂ ತಪ್ಪಿಸಿಲ್ಲ."

ಆಮೇಲೆ ಎರಡೂ ಗಾಡಿಯ ಕೀಲಿ ತೆಗೆದು ಗೇಲನ್‌ನ ಟೋಪಿಯೊಳಗೆ ಹಾಕಿದಳು. "ಕರ್ಟ್‌ಗೆ ನಾನೇ ಫೋನ್ ಮಾಡ್ತೀನಿ. ಶಾಲೆ ಶುರುವಾಗೋ ಮೊದಲು ಅವನು ಬಂದು ಕರಕೊಂಡು ಹೋಗಲಿ."

"ಅಮ್ಮಾ, ಬೇಡ. ಎರಡೇ ತಿಂಗಳು ಅಂತ ನೀನೇ ಅಂದೆ."

"ಅಂದೆ."

"ಮತ್ತೆ?"

ಡಾರ್ಲಾ ಇಳಿದಳು. ಬಾನೆಟ್ಟನ್ನು ಕೈಯಿಂದ ಸವರುತ್ತ, ಆಲಿಕಲ್ಲಿನ ಕುಳಿಗಳ ಮೇಲೆ ಬೆರಳಾಡಿಸುತ್ತ ಇನ್ನೊಂದು ಬದಿಗೆ ಬಂದಳು. ಗೇಲನ್ ಸ್ಟೀರಿಂಗ್ ಕಡೆ ಸರಿದ. ಟೆಸ್ ನಡುವೆ ಸರಿದು ಜಾಗ ಬಿಟ್ಟಳು.

"ಈ ಗಾಡಿ ನಾನು ಬೇರೆ ಯಾರಿಗೂ ಮಾರಲ್ಲ," ಎಂದ ಗೇಲನ್. "ಅವಳಿಗೆ ಹದಿನಾರಾದರೂ ಇರುತ್ತೆ, ಹದಿನೆಂಟಾದರೂ ಇರುತ್ತೆ."

"ಮಾರಿಬಿಡಿ. ಒಳ್ಳೆ ಗಾಡಿ. ನಿಂತಲ್ಲೇ ನಿಂತರೆ ಇಲಿ ತಿನ್ನುತ್ತೆ," ಎಂದಳು ಡಾರ್ಲಾ.

ಗೇಲನ್ ತನ್ನ ಮನೆಯ ತಿರುವು ದಾಟಿ ಅವರ ಮನೆಯ ಕಡೆ ಓಡಿಸಿದ. ಹೊತ್ತು ಮುಳುಗಿತು. ಡಾರ್ಲಾಗೆ ಮೊದಲು ಬೇಲಿ ಹೋಯಿತು, ಆಮೇಲೆ ರಸ್ತೆಯ ಅಂಚು, ಆಮೇಲೆ ರಸ್ತೆ. ಎಂಜಿನ್ ಸದ್ದು ಮಾತ್ರ ಒಂದೇ ಸಮನೆ ಇತ್ತು. ಕೊಳ್ಳಬೇಕಾದ ಗಾಡಿಯೇ ಇದು, ಅದರಲ್ಲಿ ಅನುಮಾನವಿರಲಿಲ್ಲ.

ಟೆಸ್‌ಳ ಮಂಡಿ ಅವಳ ಮಂಡಿಯನ್ನು ತಟ್ಟಿತು, ಒಂದು ಸಲ.

ಡಾರ್ಲಾ ಮಡಿಲಲ್ಲಿದ್ದ ಕೈಯ ಬೆರಳನ್ನು ಎತ್ತಿದಳು. ಎದುರಿನ ಗಾಡಿ ಸದ್ದು ಮಾಡಿಕೊಂಡು ಪಕ್ಕದಲ್ಲಿ ಹಾದುಹೋಯಿತು. ಯಾರದೆಂದು ಅವಳು ಕೇಳಲಿಲ್ಲ.