ತೋಪಖಾನೆಯ ಮನೆತನ

ಇಬ್ರಾಹಿಂಪುರದಲ್ಲಿ ರೈಲು ಹಳಿಗೆ ಹತ್ತಿಕೊಂಡಂತಿದ್ದ ಆ ಎರಡು ಕೋಣೆಯ ಮನೆಯಲ್ಲಿ ಎರಡು ಘನಂದಾರಿ ಮನೆತನಗಳು ಐವತ್ತೈದು ವರ್ಷಗಳಿಂದ ಸಂಸಾರ ಮಾಡಿಕೊಂಡಿದ್ದವು. ಒಂದು ಚಮನಸಾಬ ಅಜ್ಜನದು. ಅವನ ಹಿರಿಯರು ಆದಿಲಶಾಹಿಗಳ ತೋಪಖಾನೆಯಲ್ಲಿ ತೋಪಿಗೆ ಬೆಂಕಿ ಇಡುವವರಂತೆ. ಇನ್ನೊಂದು ಅವನ ಹೆಂಡತಿ ಮಾಶಾಬಿಯದು. ಅವಳ ತವರಿನವರು ಬಬಲೇಶ್ವರದಲ್ಲಿ ಕೂತು ಹೈದರಾಬಾದಿನ ಅರಮನೆಯ ಜನಾನಾಕ್ಕೆ ಅತ್ತರು ಕಳಿಸುತ್ತಿದ್ದವರಂತೆ. ಅಜ್ಜ ಗಾಂಧಿ ಚೌಕದ ಸಂದಿಯಲ್ಲಿ ಪೈಜಾಮ ಹೊಲಿದು, ಮಗ ಸಿಕಂದರ ಆಟೋ ಓಡಿಸಿ ಮನೆ ನಡೆದದ್ದು ನಿಜ. ಆದರೆ ಮನೆತನದ ಮಾತು ಬಂದರೆ ಅಜ್ಜ ಸೇರು, ಅಜ್ಜಿ ಸವಾಸೇರು. ಸಾರಿಗೆ ಉಪ್ಪು ಹೆಚ್ಚಾದರೆ, ಅತ್ತರಿನವರಿಗೆ ಉಪ್ಪಿನ ಅಳತೆ ಎಲ್ಲಿಂದ ಗೊತ್ತಾಗಬೇಕು ಎಂದು ಅಜ್ಜ ಅನ್ನುವನು. ಕರೆದದ್ದು ಅವನಿಗೆ ಕೇಳಿಸದಿದ್ದರೆ, ತೋಪಿನ ಸಪ್ಪಳಕ್ಕೆ ಏಳು ತಲೆಮಾರಿನ ಕಿವಿ ಹೋಗಿವೆ ಎಂದು ಅವಳು ಅನ್ನುವಳು.

ಸಿಕಂದರನ ಮಗಳು ಸಾನಿಯಾ ಈ ಜುಗಲಬಂದಿ ಕೇಳುತ್ತಲೇ ಬೆಳೆದವಳು. ನರ್ಸಿಂಗ್ ಮುಗಿಸಿ ಎರಡು ಸಲ ಸರ್ಕಾರಿ ಹುದ್ದೆಗೆ ಅರ್ಜಿ ಹಾಕಿ, ಎರಡೂ ಸಲ ಕೂದಲೆಳೆಯಲ್ಲಿ ತಪ್ಪಿಸಿಕೊಂಡಿದ್ದಳು. ಮೂರನೆಯ ಸಲ ಅರ್ಜಿ ತುಂಬುತ್ತಾ ಕೂತಾಗ ಅಜ್ಜ ಅವಳನ್ನು ಹಿತ್ತಲಿಗೆ ಕರೆದ. ಆಚೆ ನೋಡಿದ, ಈಚೆ ನೋಡಿದ. ಒಂದು ಗೂಡ್ಸ್ ರೈಲು ಬರುವ ತನಕ ಕಾದು, ಅದರ ಸದ್ದಿನ ಮರೆಯಲ್ಲಿ ಬಾಯಿ ಬಿಟ್ಟ.

"ನಮ್ಮದು ಪಿಂಜಾರ್ ಐತಿ. ನಮ್ಮಪ್ಪ ಟಿಕೋಟಾದಾಗ ಅರಳಿ ಹಿಂಜತಿದ್ದ. ಪ್ರವರ್ಗ ಒಂದರಾಗ ಬರತೈತಿ, ಹಾಕು. ಆದ್ರ ನಿಮ್ಮ ಆಯಿಗೆ ಗೊತ್ತಾಗಬಾರದು ನೋಡ."

ಪಿಂಜಾರರೆಂದರೆ ಹೆಗಲ ಮೇಲೆ ಬಿಲ್ಲು ಹೊತ್ತು ಓಣಿ ಓಣಿ ತಿರುಗಿ, ಹತ್ತಿ ಹಿಂಜಿ, ಗಾದಿ ತುಂಬಿಕೊಡುವವರು. ಸಾನಿಯಾ ಬಾಯಿಗೆ ಓಢಣಿ ತುರುಕಿಕೊಂಡು ನಕ್ಕಳು. ಮದುವೆಯ ಮಾತುಕತೆಯಲ್ಲಿ ಅತ್ತರಿನವರ ಎದುರು ಬಿಲ್ಲು ಸಣ್ಣದಾಗಿ ಕಂಡಿತೆಂದು ಅಜ್ಜನ ಅಪ್ಪ ಅದನ್ನು ತೋಪು ಮಾಡಿಬಿಟ್ಟಿದ್ದನಂತೆ. ಆಮೇಲೆ ಇಳಿಸಲು ಬರಲಿಲ್ಲ. ಟಿಕೋಟಾದ ನೆಂಟರು ಬಂದರೆ ಅಜ್ಜ ಅವರನ್ನು ಬಾಗಿಲಿನಿಂದಲೇ ಚಹಾದಂಗಡಿಗೆ ತಿರುಗಿಸುತ್ತಿದ್ದದ್ದು ಏಕೆಂದು ಅವಳಿಗೆ ಈಗ ಹೊಳೆಯಿತು.

ಹುದ್ದೆ ಸಿಕ್ಕಿತು. ಸಿಕ್ಕಿತು ಅಂದರೆ ಪಟ್ಟಿಯಲ್ಲಿ ಹೆಸರು ಬಂತು. ಮುಂದಿನ ಸೋಮವಾರದೊಳಗೆ ಜಾತಿ ಪ್ರಮಾಣಪತ್ರ ತೋರಿಸದಿದ್ದರೆ ಅದು ಕೆಳಗಿನ ಹೆಸರಿನವರ ಪಾಲು. ಕಾಗದ ತೆಗೆದು ನೋಡಿದರೆ ಒಂದರಲ್ಲೂ ಪಿಂಜಾರ ಎಂಬ ಮಾತಿಲ್ಲ. ಸಾಲಿಯ ಮಾಸ್ತರರಿಂದ ಹಿಡಿದು ಮೊನ್ನೆಯ ಸಮೀಕ್ಷೆಗೆ ಬಂದ ಟೀಚರ ತನಕ, ಕೈಯಲ್ಲಿ ಕಾಗದ ಹಿಡಿದು ಯಾರು ಬಂದರೂ ಅಜ್ಜ ಎದೆ ಸೆಟೆಸಿ "ತೋಪಖಾನೆಯವರು" ಅಂದಿದ್ದ. ತೋಪಖಾನೆಗೆ ಯಾವ ಕಾಲಮ್ಮಿನಲ್ಲಿ ಜಾಗವಿದೆ? ಅವರು ತಲೆ ಕೆರೆದುಕೊಂಡು ಬರೀ "ಮುಸಲ್ಮಾನ" ಎಂದು ಗೀಚಿ ಹೋಗಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದ ಬಾಬತ್ತು ಇದು. ಈಗ ಮೊಮ್ಮಗಳ ಹಿಟ್ಟಿಗೇ ಸಂಚಕಾರ ಬಂದಿತ್ತು.

ಟಿಕೋಟಾದ ಗ್ರಾಮ ಆಡಳಿತ ಅಧಿಕಾರಿ ಗುರುಪಾದಯ್ಯ ಸಮಾಧಾನದ ಮನುಷ್ಯ. ಹಳೆಯ ಕುಲಕರ್ಣಿಗಳ ಮನೆಯಲ್ಲಿ 1951ರ ಜನಗಣತಿಯ ಜೊತೆಗೆ ಬರೆದ ಮನೆಪಟ್ಟಿಯ ಒಂದು ಪ್ರತಿ ಉಳಿದಿದೆ, ಹುಡುಕಮ್ಮಾ ಎಂದು ಅವರೇ ದಾರಿ ತೋರಿದರು. ಸಾನಿಯಾ ಒಂದಿಡೀ ಮಧ್ಯಾಹ್ನ ಆ ಪಟ್ಟಿಯ ಧೂಳು ಕುಡಿದಳು. ಸಂಜೆಗೆ ಹಸನಸಾಬ ಸಿಕ್ಕ. ಕಸಬು: ಅರಳಿ ಹಿಂಜುವುದು. ಮಗ ಚಮನ, ವಯಸ್ಸು ನಾಲ್ಕು. ನಾಲ್ಕು ವರ್ಷದ ಅಜ್ಜನ ಹೆಸರಿನ ಮೇಲೆ ಅವಳು ಮೆಲ್ಲಗೆ ಬೆರಳಾಡಿಸಿದಳು. ಆ ವಯಸ್ಸಿನಲ್ಲಿ ಅವನಿಗೆ ಇನ್ನೂ ತೋಪು ಗೊತ್ತಿರಲಿಲ್ಲ.

ಗುರುಪಾದಯ್ಯ ಅದನ್ನು ನೋಡಿ ತಲೆಯಾಡಿಸಿದರು. ಈ ಚಮನನೇ ನಿಮ್ಮ ಚಮನಸಾಬ ಎಂಬುದಕ್ಕೆ ಸಾಕ್ಷಿ ಏನು ಎಂದರು. ಅಪ್ಪನ ಹೆಸರು, ಊರು ಎರಡೂ ಇರುವ ಒಂದು ಕಾಗದ ಬೇಕು, ಮದುವೆಯ ದಾಖಲೆ ಇದ್ದರೆ ಚಲೋ. ಮದುವೆ ಆದದ್ದು ಬಬಲೇಶ್ವರದಲ್ಲಿ. ಕೇಳಿದ ಅಜ್ಜ ಹೌಹಾರಿದ. ಬೀಗರ ಊರಿಗೆ ಹೋಗಿ ಕೆದಕಿದರೆ ಸುದ್ದಿ ಮಾಶಾಬಿಯ ಕಿವಿಗೆ ಬೀಳಲು ಎಷ್ಟು ಹೊತ್ತು? ಹೋಗಕೂಡದು ಎಂದು ಕಟ್ಟಪ್ಪಣೆ ಮಾಡಿದ. ಸಾನಿಯಾ ಆಗಲಿ ಅಂದಳು, ಮರುದಿನ ಫೈಜಲನ ಬೈಕಿನ ಹಿಂದೆ ಕೂತು ಹೊರಟಳು.

ಈ ಫೈಜಲ ಗಾಂಧಿ ಚೌಕದ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವರಿಬ್ಬರ ನಡುವೆ ಮಾತು ಪಕ್ಕಾ ಆಗಿತ್ತು, ಹಿರಿಯರಿಗೆ ಹೇಳುವುದಷ್ಟೇ ಬಾಕಿ. ಹುಡುಗಿಯ ಕಡೆಯವರು ಯಾರು ಎಂದು ಫೈಜಲನ ತಾಯಿ ಎರಡು ಸಲ ಕೇಳಿದ್ದಳು. ಎರಡೂ ಸಲ ಸಾನಿಯಾ, ಆದಿಲಶಾಹಿ ತೋಪಖಾನೆಯ ಮನೆತನ ಎಂದು ಉಸಿರು ಬಿಡದೆ ಹೇಳಿಬಿಟ್ಟಿದ್ದಳು. ಒಮ್ಮೆ ಹೇಳುವಾಗ ನಿಜವೆಂದೇ ನಂಬಿದ್ದಳು, ಸರಿ. ಎರಡನೆಯ ಸಲ ಹೇಳಿದ್ದು ಹಿತ್ತಲಿನ ಮಾತುಕತೆ ಆದ ಮೇಲೆ. ಬಬಲೇಶ್ವರ ಬಂದಾಗ ಅವನನ್ನು ಚಹಾದಂಗಡಿಯ ಮುಂದೆ ನಿಲ್ಲಿಸಿ, ಆಫೀಸಿನ ಕೆಲಸ, ನೀನು ಇಲ್ಲೇ ಇರು ಎಂದು ಒಬ್ಬಳೇ ಒಳ ಓಣಿಗೆ ನಡೆದಳು.

ನಿಕಾಹದ ಹಳೆಯ ದಫ್ತರಗಳು ಆ ಮದುವೆ ಮಾಡಿಸಿದ ಕಾಜಿಯವರ ಮೊಮ್ಮಗ ಮಶಾಕಸಾಬನ ಕಪಾಟಿನಲ್ಲಿದ್ದವು. ಉರ್ದು ಅಕ್ಷರ ಸಾನಿಯಾಗೆ ಅಷ್ಟಕ್ಕಷ್ಟೆ, ಅವನೇ ಬೆರಳಿಟ್ಟು ಓದಿದ. ವರ ಚಮನಸಾಬ, ಹಸನಸಾಬನ ಮಗ, ಊರು ಟಿಕೋಟಾ, ಪಿಂಜಾರ. ಸಾನಿಯಾ ಫೋಟೋ ಹೊಡೆಯಲು ಮೊಬೈಲು ಎತ್ತಿದಳು. ಮಶಾಕಸಾಬನ ಬೆರಳು ಮುಂದೆ ಸರಿಯಿತು. ವಧು ಮಾಶಾಬಿ, ಮೌಲಾಸಾಬನ ಮಗಳು, ಊರು ಬಬಲೇಶ್ವರ, ಪಿಂಜಾರ.

ಸಾನಿಯಾ ಇನ್ನೊಮ್ಮೆ ಓದಿಸಿದಳು. ಮಶಾಕಸಾಬ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಎರಡೂ ಕಡೆಯ ಅಪ್ಪಂದಿರು ಬೇರೆ ಬೇರೆಯಾಗಿ ಕಾಜಿಯವರ ಬಳಿ ಬಂದು, ಬೀಗರ ಮುಂದೆ ಕಸಬಿನ ಮಾತು ಎತ್ತಬೇಡಿ ಎಂದು ಕೈ ಮುಗಿದಿದ್ದರಂತೆ. ಕಾಜಿಯವರು ಎತ್ತಲಿಲ್ಲ. ಆದರೆ ದಫ್ತರದಲ್ಲಿ ಸುಳ್ಳು ಬರೆಯುವ ಆಸಾಮಿಯೂ ಅವರಲ್ಲ. ಅವರ ಮನೆಯ ಗಾದಿ ಒಬ್ಬರು ತುಂಬಿದ್ದು, ತಲೆದಿಂಬು ಇನ್ನೊಬ್ಬರು ತುಂಬಿದ್ದು. ಯಾರು ಯಾರೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮನೆಗೆ ಬಂದ ಸಾನಿಯಾ ಮುಖ ಸಪ್ಪಗೆ ಮಾಡಿಕೊಂಡು ಮಾಶಾಬಿಯ ಪಕ್ಕ ಕೂತಳು. ಕಾಗದ ಕೂಡಿ ಬರುತ್ತಿಲ್ಲ, ನೌಕರಿ ಹೋಯಿತು ಅನ್ನುವಂತೆ ನಿಟ್ಟುಸಿರು ಬಿಟ್ಟಳು. ಮಾಶಾಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಗಂಡ ಅಂಗಡಿಯಲ್ಲಿರುವುದನ್ನು ಖಾತ್ರಿ ಮಾಡಿಕೊಂಡು ಮೊಮ್ಮಗಳ ಕಿವಿಗೆ ಬಾಗಿದಳು.

"ನನ್ನ ತವರುಮನಿಯವರು ಪಿಂಜಾರ್ರು. ನನ್ನ ಕಡಿಂದ ಬರಸಾಕ ಆಗ್ತೈತೇನು ನೋಡ. ನಾ ಬಂದು ಹೆಬ್ಬೆಟ್ಟು ಒತ್ತತೀನಿ. ಆದ್ರ ನಿಮ್ಮ ಅಜ್ಜಗ ಗೊತ್ತಾಗಬಾರದು."

ತಾನು ಕಳ್ಳ, ಪರರ ನಂಬ ಅನ್ನುತ್ತಾರೆ. ಇಲ್ಲಿ ಇಬ್ಬರೂ ಕಳ್ಳರು, ಇಬ್ಬರೂ ಒಬ್ಬರನ್ನೊಬ್ಬರು ಗಾಢವಾಗಿ ನಂಬಿದವರು. ಹಿರಿಯರಿಬ್ಬರ ಹೇಳಿಕೆ ಬೇಕು ಎಂದು ಗುರುಪಾದಯ್ಯ ಹೇಳಿದ್ದೂ ಅನುಕೂಲವಾಯಿತು. ಸಾನಿಯಾ ಅಜ್ಜನಿಗೆ ಟಿಕೋಟಾದ ಕಚೇರಿಗೆ ಶುಕ್ರವಾರ ಹನ್ನೊಂದು ಗಂಟೆ ಅಂದಳು, ಆಯಿ ಮಾಶಾಬಿಗೂ ಶುಕ್ರವಾರ ಹನ್ನೊಂದು ಗಂಟೆ ಅಂದಳು. ಅಜ್ಜ ತೊರವಿಯ ಮೇಲೆ ಹಾಯುವ ಬಸ್ಸು ಹಿಡಿದ. ಆಯಿ ಮಗನ ಆಟೋದಲ್ಲಿ ಬುರಖಾ ಇಳಿಬಿಟ್ಟು ಕೂತಳು. ಸಾನಿಯಾ ಫೈಜಲನ ಬೈಕಿನಲ್ಲಿ ಮೊದಲೇ ಬಂದು, ಅವನನ್ನು ಈ ಸಲವೂ ಬೇವಿನ ಮರದ ಕೆಳಗೆ ನಿಲ್ಲಿಸಿ, ಒಳಗೆ ಹೋಗಿ ತಮಾಷೆ ನೋಡಲು ಕಾದಳು.

ಅಜ್ಜ ಹೇಳಿಕೆ ಕೊಡಲು ಬಾಯಿ ತೆರೆಯುವುದಕ್ಕೂ ಮಾಶಾಬಿ ಹೊಸ್ತಿಲು ದಾಟುವುದಕ್ಕೂ ಸರಿಹೋಯಿತು. ಅಜ್ಜ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಗುರುಪಾದಯ್ಯನವರಿಗೆ ಈ ಐವತ್ತೈದು ವರ್ಷದ ವ್ಯವಹಾರ ಏನು ಗೊತ್ತು? ಅವರು ನಿಕಾಹದ ಪ್ರತಿಯನ್ನು ಅಧಿಕಾರಿಯ ದನಿಯಲ್ಲಿ ಓದಿಯೇಬಿಟ್ಟರು. ವರ ಪಿಂಜಾರ, ವಧು ಪಿಂಜಾರ, ಹೌದಲ್ರಿ ಎಂದರು.

ಮಾಶಾಬಿ ಗೋಡೆಯ ಪಕ್ಕದ ಬೆಂಚಿಗೆ ಕೂತಳು. ಅವಳ ಕಣ್ಣು ತುಂಬಿದ್ದವು.

"ನಮ್ಮಪ್ಪ ಬಿಲ್ಲ ಹೊತ್ತು ಇಬ್ರಾಹಿಂಪುರದಾಗ ಹಾಯ್ದು ಹೋಗ್ತಿದ್ದ. ನಿಮಗ ಗೊತ್ತಾದೀತಂತ ನಾ ಬಾಗಲಾ ಹಾಕ್ಕೋತಿದ್ದೆ. ಒಂದ ದಿನ ನೀರ ಕೊಡಲಿಲ್ರಿ ನಾ."

ಅಜ್ಜ ಅವಳ ಪಕ್ಕ ಹೋಗಿ ಕೂತ. ಮೌಲಾಸಾಬ ಮಾವ ಹಿಂಜಿದ ಹತ್ತಿ ಹೆಂಗಿರುತ್ತಿತ್ತು ಎಂದು ಮೆಲ್ಲಗೆ ಕೇಳಿದ. ಮಂಜಿನಂತೆ ಇರುತ್ತಿತ್ತು ಅಂದಳು ಮಾಶಾಬಿ, ಮೂಗು ಒರೆಸಿಕೊಂಡು. ಅಷ್ಟಕ್ಕೆ ಸುಮ್ಮನಿರಬೇಕಿತ್ತು ಅಜ್ಜ. ಬಿಸಿಲಿಗೆ ಹಾಕಿ ಹಿಂಜುತ್ತಿದ್ದರೋ ಹಸಿಯೋ ಎಂದ. ಹಸಿ ಹಿಂಜುವವರು ಟಿಕೋಟಾದವರು, ಅದಕ್ಕೇ ನಿಮ್ಮ ಗಾದಿ ಆರು ತಿಂಗಳಿಗೆ ಗಂಟು ಕಟ್ಟುತ್ತವೆ ಅಂದಳು. ಅಜ್ಜ ಎದ್ದು ನಿಂತ. ಬಿಲ್ಲಿನ ಹುರಿಯನ್ನು ಎಷ್ಟು ಬಿಗಿಯಬೇಕು, ಅದನ್ನು ಬಡಿಯುವ ಕೊಡತಿ ಎಲ್ಲಿ ಬೀಳಬೇಕು ಎಂದು ಗಾಳಿಯಲ್ಲೇ ಬಿಲ್ಲು ಹಿಡಿದು ತೋರಿಸಿದ. ಅವಳೂ ಎದ್ದಳು, ಅವನ ಮೊಣಕೈ ಹಿಡಿದು ತಿದ್ದಿದಳು. ತಪ್ಪು ಹಿಡಿದೀರಿ ಎಂದು ಇಬ್ಬರೂ ಒಟ್ಟಿಗೆ ಜಗಳಕ್ಕೆ ಬಿದ್ದರು. ಯಾವ ಊರಿನ ಪಿಂಜಾರರು ಹೆಚ್ಚು ಎಂಬ ಪ್ರಶ್ನೆಗೆ ಕಚೇರಿಯ ಜನವೆಲ್ಲ ಸುತ್ತ ನೆರೆಯಿತು. ಗುರುಪಾದಯ್ಯ ಇನ್ನೇನೂ ಕೇಳದೆ ಹೇಳಿಕೆ ಬರೆಯತೊಡಗಿದರು.

ಗದ್ದಲಕ್ಕೆ ಬೇವಿನ ಮರದ ಕೆಳಗಿದ್ದವನೂ ಬಾಗಿಲಿಗೆ ಬಂದಿದ್ದ.

ಗುರುಪಾದಯ್ಯ ಕೊನೆಯ ಸಾಲಿಗೆ ಬಂದು ಪೆನ್ನು ಎತ್ತಿದರು. "ಅರ್ಜಿ ನಿಮ್ಮದಲ್ಲೇನಮ್ಮಾ? ನಿಮ್ಮ ಬಾಯಿಲೆ ಒಂದು ಸಲ ಹೇಳ್ರಿ. ಯಾರು ನೀವು?"

ಸಾನಿಯಾ ಬಾಗಿಲ ಕಡೆ ನೋಡಿದಳು. ಫೈಜಲ ಅಲ್ಲೇ ನಿಂತಿದ್ದ, ಮುಖದಲ್ಲಿ ಏನೂ ಅರ್ಥವಾಗದ ನಗೆ. ಐವತ್ತೈದು ವರ್ಷದ ಸುಳ್ಳಿಗೆ ವಾರವಿಡೀ ನಕ್ಕವಳಿಗೆ ಎರಡೇ ಎರಡು ಸಲ ಹೇಳಿದ ಸುಳ್ಳನ್ನು ನುಂಗಲು ಆಗಲಿಲ್ಲ. ನಾಚಿಕೆಯೆಂದರೆ ನಾಚಿಕೆಯಾಯಿತು. ಪೆನ್ನು ಹಾಗೇ ನಿಂತಿತ್ತು. ಜಗಳ ನಿಲ್ಲಿಸಿ ಅಜ್ಜ, ಆಯಿ ಇಬ್ಬರೂ ಅವಳ ಕಡೆ ತಿರುಗಿದರು. ಆಯಿಯ ಕಣ್ಣು ಅವಳಿಂದ ಬಾಗಿಲಿಗೆ ಹೋಯಿತು, ಬಾಗಿಲಿನಿಂದ ಮತ್ತೆ ಅವಳಿಗೆ ಬಂತು. ಆ ಮುದುಕಿಗೆ ಇಂಥದ್ದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹೇಳ ಬೇ," ಅಂದಳು ಮಾಶಾಬಿ. "ನಾ ಮಾಡಿದ್ದ ನೀ ಮಾಡಬ್ಯಾಡ."

"ಪಿಂಜಾರ್ರಿ," ಅಂದಳು ಸಾನಿಯಾ. ಬಾಗಿಲಿಗೂ ಕೇಳಿಸುವಷ್ಟು ಗಟ್ಟಿಯಾಗಿಯೇ ಅಂದಳು.

ಗುರುಪಾದಯ್ಯ ಬರೆದುಕೊಂಡರು. ಫೈಜಲ ತಲೆ ಕೆರೆದುಕೊಂಡು, ಹಂಗಾದರೆ ತೋಪಖಾನೆ ಎಂದು ತೊದಲಿದ. ಅಜ್ಜನಂತೂ ಕಿವಿ ಕೇಳಿಸದವನಂತೆ ಕಿಟಕಿಯ ಆಚೆ ನೋಡುತ್ತಿದ್ದ. ಸಾನಿಯಾ ಸಹಿ ಮಾಡಿ, ಬ್ಯಾಗು ಹೆಗಲಿಗೇರಿಸಿ ಸೀದಾ ಫೈಜಲನ ಮುಂದೆ ಬಂದು ನಿಂತಳು.

"ಬೈಕ್ ತಗಿ. ನಿಮ್ಮವ್ವಗ ನಾನ ಹೇಳ್ತೀನಿ, ಈಗ. ನೀ ಮಾತ್ರ ಹೊರಗ ನಿಂದರಬ್ಯಾಡ."