ಹದಿನೇಳನೇ ಪಪ್ಪಾಯಿ ಮರ

ನಮ್ಮ ಭಾವ ಪಪ್ಪಾಯಿ ನರ್ಸರಿಯವರು. ಸಸಿಯ ಬುಡ ಮೂಸಿ ಗಂಡೋ ಹೆಣ್ಣೋ ಹೇಳಬಲ್ಲರು. ಅರ್ಧದಷ್ಟು ಸಲ ಅದು ನಿಜವೂ ಆಗುತ್ತದೆ.

ಅವರ ಹೆಂಡತಿ, ಅಂದರೆ ನನ್ನ ಅಕ್ಕ, ಸಸ್ಯ ವಿಜ್ಞಾನಿ. ಎಲೆಯ ಚೂರು ಅರೆದು, ಅದರಲ್ಲಿ ವೈ ಕ್ರೋಮೋಸೋಮ್ ಹುಡುಕಿ, ಬೆರಳುದ್ದದ ಸಸಿಯಲ್ಲೇ ಗಂಡನ್ನು ಗುರುತಿಸುವ ಪರೀಕ್ಷೆಗೆ ಆರು ವರ್ಷ ಸವೆಸಿದಳು. ಭಾವನ ತೋಟದಲ್ಲಿ ಅವಳು ಸಸಿಯಲ್ಲೇ ಪರೀಕ್ಷಿಸಿದ್ದ ಅರವತ್ತು ಮರಗಳಲ್ಲಿ ಒಂದು ತಪ್ಪಾದರೂ ಪ್ರಯೋಗಾಲಯ ಮುಚ್ಚುತ್ತೇನೆ ಎಂದಿದ್ದರು ಅವಳ ಸಂಸ್ಥೆಯ ನಿರ್ದೇಶಕರು.

ಅವರು ನೋಡಲು ಬರುವ ಬೆಳಿಗ್ಗೆ ಭಾವ ನನ್ನನ್ನು ಶೆಡ್ಡಿನ ಹಿಂದಕ್ಕೆ ಎಳೆದರು. ಅಲ್ಲಿ ಮೂರು ಹಣ್ಣು.

"ಅವಳು ಗಂಡು ಅಂದಿದ್ದಳಲ್ಲ, ಹದಿನೇಳನೇ ಮರ, ಅದರದ್ದು ಕಣೋ. ಬೇಗ ತಿನ್ನು!"

ಒಂದೂವರೆ ಹಣ್ಣನ್ನು ಹಸಿವಿಗೆ ತಿಂದೆ, ಉಳಿದದ್ದನ್ನು ಮನೆತನದ ಮರ್ಯಾದೆಗೆ. ಭಾವನ ಬಾಯಿಗೆ ಸಿಕ್ಕಿದ್ದು ಒಂದು ಹೋಳು. ಅಷ್ಟರಲ್ಲಿ ಅಕ್ಕ ಬಂದು ಸಿಪ್ಪೆ ನೋಡಿದಳು. ಭಾವ ಎಲ್ಲ ಒಪ್ಪಿಕೊಂಡರು.

"ಅಯ್ಯೋ ರೀ! ಹಣ್ಣು ಕಾಂಡಕ್ಕೆ ಅಂಟ್ಕೊಂಡಿತ್ತಾ, ನೇತಾಡ್ತಿತ್ತಾ?"

"ಮೊಳದುದ್ದ ದಂಟಿನ ತುದೀಲಿ ಜೋತಾಡ್ತಿತ್ತು ಕಣೇ."

ಅಕ್ಕನ ಮುಖ ಅರಳಿತು. "ಹಾಗಾದ್ರೆ ಅದು ಗಂಡೇ! ಗಂಡಿನ ಹೂ ಮಾತ್ರ ಅಷ್ಟುದ್ದ ದಂಟಲ್ಲಿ ಬಿಡೋದು. ಚಳಿ ಬಿಸಿಲು ಏರುಪೇರಾದ್ರೆ ಕೆಲವು ಹೂ ಕಾಯಿ ಕಟ್ಟಿಬಿಡತ್ತೆ. ವೈ ಇದ್ದ ಜಾಗದಲ್ಲೇ ಇರತ್ತೆ."

"ಗಂಡು ಹೆರೋದು ಅಂದ್ರೆ ಏನಕ್ಕಾ?"

"ಮುಂಚೆ ಇವುಗಳ ಎಕ್ಸ್, ವೈ ಎರಡೂ ಒಂದೇ ಥರದ ಜೋಡಿ ಕಣೋ. ಒಂದರಲ್ಲಿ ಒಂದು ತುಂಡು ತಲೆಕೆಳಗಾಗಿ ಕೂತ್ಕೊಂತು. ಅಲ್ಲಿಂದ ಎರಡರ ಮಧ್ಯೆ ಚೂರುಪಾರು ಕೊಡೋದು ತಗೊಳ್ಳೋದು ನಿಂತುಹೋಯ್ತು. ಬೇರೆಯಾದದ್ದೇ ವೈ. ನಮ್ಮ ಮನುಷ್ಯರ ವೈ ಮುಂದೆ ಇದು ಮೊನ್ನೆ ಹುಟ್ಟಿದ್ದು. ಗಂಡಾಗೇ ಇರ್ತೀನಿ ಅಂತ ಇನ್ನೂ ಸರಿಯಾಗಿ ಹಟ ಹಿಡಿಯೋಕೂ ಬರಲ್ಲ ಅದಕ್ಕೆ."

ಹಾಗೆ ಹೇಳುವಾಗ ಅವಳು ಆ ಮರದ ಅಮ್ಮನಂತೆ ಕಂಡಳು. ನನಗೂ ಅದರ ಮೇಲೆ ಗೌರವ ಹುಟ್ಟಿತು. ಮನೆ ಬದಲಿಸಲು ನಾನು ಎರಡು ವರ್ಷ ಯೋಚಿಸಿದವನು. ಇದು ಒಂದು ಹಂಗಾಮಿನಲ್ಲಿ ಕೆಲಸವನ್ನೇ ಬದಲಿಸಿದೆ.

ನಿರ್ದೇಶಕರು ಬಂದೊಡನೆ ಅಕ್ಕ ಏನನ್ನೂ ಮುಚ್ಚಿಡದೆ ಆ ಮರದ ಬುಡಕ್ಕೇ ಕರೆದೊಯ್ದಳು.

"ಗಂಡು ಮರ ಸರ್, ಹಣ್ಣು ಬಿಟ್ಟಿತ್ತು."

"ಎಲ್ಲಮ್ಮಾ ಹಣ್ಣು?"

"ಚೆನ್ನಾಗಿ ಸಿಹಿ ಇತ್ತು ಸರ್," ಎಂದೆ ನಾನು.

ಅವರು ನನ್ನನ್ನು ನೋಡಲಿಲ್ಲ. ಉದ್ದನೆಯ ದಂಟನ್ನು ಬಗ್ಗಿಸಿದರು. ಗೊಂಚಲು ಗೊಂಚಲು ಗಂಡು ಹೂಗಳ ನಡುವೆ, ಭಾವನ ಕಣ್ಣಿಗೆ ಬೀಳದ ಹೆಬ್ಬೆರಳಷ್ಟು ಕಾಯಿಯೊಂದಿತ್ತು. ಒಂದೇ ದಂಟಿನಲ್ಲಿ ಎರಡೂ. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು.

"ನಿಮ್ಮ ಪರೀಕ್ಷೆ ಸರಿ ಇದೆಯಮ್ಮ. ಪ್ರಯೋಗಾಲಯ ನಡೀಲಿ," ಎಂದರು. ಆಮೇಲೆ ನನ್ನತ್ತ, ಭಾವನತ್ತ ಬೆರಳು ತೋರಿಸಿ, "ಮರಕ್ಕೊಂದು ಬೇಲಿ ಹಾಕಿಸಿ. ಇವರಿಬ್ಬರು ಒಳಗೆ ಬರಬಾರದು."